ಸ್ಥಾನಚ್ಯುತವಾದ ಶಾಸನಗಳೂ ಶಿಲ್ಪಗಳೂ

ಪರದೇಶದ ವಸ್ತುಸಂಗ್ರಹಾಲಯಗಳನ್ನು ಸೇರಿರುವ ಪ್ರಾಚೀನ ವಸ್ತುಗಳನ್ನು ಮೂಲಸ್ಥಾನಕ್ಕೆ ಹಿಂದಿರುಗಿಸಬೇಕೆ ಎಂಬ ಪ್ರಶ್ನೆಯು ಈಗ ನಾನಾ ದೇಶಗಳಲ್ಲಿ ಚರ್ಚಿತವಾಗುತ್ತಿದೆ. ಕರ್ಣಾಟಕದ ಮಟ್ಟಿಗೆ ಈ ಪ್ರಸಂಗವು ಬಂದಾಗ ಟೀಪೂ ಸುಲ್ತಾನನ ಹುಲಿಯೇ ಮೊದಲು ನೆನಪಾಗುವುದು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಕುಂಪಣಿಯ ಸೈನ್ಯಕ್ಕೆ ವಶವಾದ ಬಳಿಕ ಅಪಹೃತವಾದ ಆ ಮರದ ಯಂತ್ರವು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಇದಕ್ಕಿಂತಲೂ ಹತ್ತಿರವಾದ ಉದಾಹರಣೆಯೊಂದುಂಟು.

ಬೆಳಗಾವಿಯ ಎರಡು ಜೈನಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ. ಇವನ್ನು ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾಲವು ಶಕ 1127, ಎಂದರೆ ಕ್ರಿ.ಶ. 1204. ರಟ್ಟರ ನಾಲ್ವಡಿ ಕಾರ್ತವೀರ್ಯನ ಆಳಿಕೆಯಲ್ಲಿ ಬೀಚಿರಾಜನು ವೇಣುಗ್ರಾಮದಲ್ಲಿ ಕಟ್ಟಿಸಿದ ರಟ್ಟಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ಇವು ಹೇಳುವುವು. ವೇಣುಗ್ರಾಮವೆಂದರೆ ಇಂದಿನ ಬೆಳಗಾವಿಯೇ. ಲಾಳದೇಶದ ಮತ್ತು ಮಲೆಯಾಳದ ವರ್ತಕರೂ ಆ ಪೇಟೆಯಲ್ಲಿ ನೆಲಸಿ ಬಸದಿಗೆ ಸುಂಕವನ್ನು ಬಿಟ್ಟುಕೊಟ್ಟ ಸಂಗತಿಯು ಇಲ್ಲಿ ದೊರೆಯುತ್ತದೆ. ಕವಿಕಂದರ್ಪನೆಂಬ ಬಿರುದುಳ್ಳ ಬಾಲಚಂದ್ರನು ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ಪಡೆದುದೂ ಬೆಳಗಾವಿಯ ಈ ಶಾಸನರಚನೆಯಿಂದಲೇ.

ಪಾಠವು ಅಚ್ಚಾಗಿರುವಾಗ ಕಲ್ಲು ಎಲ್ಲಿದ್ದರೇನು ಎಂದು ಕೆಲವರು ಕೇಳಬಹುದು. ಇದಕ್ಕೆ ಅರಸೀಕೆರೆಯು ಉತ್ತರ ಕೊಡುತ್ತದೆ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಸುಮಾರು 1220ರಲ್ಲಿ, ರೇಚರಸನು ಅಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ಕೈಯಲ್ಲಿ ಹಿಡಿದು ಅರಸೀಕೆರೆಗೆ ಹೋದವನು ಆ ಬಸದಿಯನ್ನೂ ಊರನ್ನೂ ಶಾಸನದ ಮಾತುಗಳೊಡನೆ ಹೋಲಿಸಿ ನೋಡಬಲ್ಲನು. ದಾನಶಾಸನವು ಬರಿಯ ಕಾವ್ಯವಲ್ಲ. ಇಂತಹ ಊರಿನ ಇಂತಹ ದೇವಾಲಯಕ್ಕೆ ಇಂತಿಷ್ಟು ಸಲ್ಲತಕ್ಕದ್ದೆಂಬ ಪತ್ರವದು. ಬೆಳಗಾವಿಯ ಕೋಟೆಯೊಳಗೆ ಬೀಚಿರಾಜನ ಹೆಸರಿನೊಡನೆ ಸೇರಿಬಂದ ಕಮಲಬಸದಿಯು ಇಂದಿಗೂ ನಿಂತಿದೆ; ಪತ್ರವು ಮಾತ್ರ ಸಮುದ್ರದಾಚೆ ಇದೆ.

ಶಿಲ್ಪಗಳ ವಿಷಯದಲ್ಲಿಯೂ ಹೀಗೆಯೇ. ಬೇಲೂರಿನ ಮದನಿಕೆಗಳ ಪೀಠಗಳಲ್ಲಿ ದಾಸೋಜ, ಚಾವಣ ಮೊದಲಾದ ರೂವಾರಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಹಳೇಬೀಡಿನ ಭಿತ್ತಿಯಲ್ಲಿ ಮೂರ್ತಿಗಳು ಒಂದು ಕ್ರಮವನ್ನನುಸರಿಸಿ ನಿಂತಿವೆ. ಮೂರ್ತಿಯನ್ನು ಪೀಠದಿಂದಲೂ ಭಿತ್ತಿಯಿಂದಲೂ ಕಿತ್ತರೆ ಕರ್ತೃವಿನ ಹೆಸರೂ ಸಾಲಿನ ಅರ್ಥವೂ ಒಟ್ಟಿಗೆ ಹೋಗುವುವು.

ಇನ್ನು ಪೂರ್ವಪಕ್ಷವನ್ನು ನೋಡೋಣ. ಪರದೇಶದಲ್ಲಿ ಈ ವಸ್ತುಗಳು ಸುರಕ್ಷಿತವಾಗಿವೆ, ನಮ್ಮಲ್ಲಿ ಶಾಸನದ ಕಲ್ಲು ಬಟ್ಟೆಯೊಗೆಯುವ ಹಾಸುಗಲ್ಲಾಗುವುದೂ ಉಂಟು ಎಂಬ ಮಾತು ಸುಳ್ಳಲ್ಲ. ಆದರೆ ಕಾಪಾಡಿದವನಿಗೆ ಕೃತಜ್ಞತೆಯು ಸಲ್ಲಬಹುದೇ ಹೊರತು ಒಡೆತನವು ಸಲ್ಲದು. ಹಾಗೆಂದು ಹೊರಗಿರುವುದೆಲ್ಲವೂ ಕೊಳ್ಳೆಯೆನ್ನುವುದೂ ಯುಕ್ತವಲ್ಲ. ಯುದ್ಧದಲ್ಲಿ ಅಪಹರಿಸಿದುದು, ಕಳವಾದುದು, ಕ್ರಯಕ್ಕೆ ಕೊಂಡದ್ದು, ದಾನವಾಗಿ ಪಡೆದದ್ದು, ಇವುಗಳನ್ನು ಬೇರೆಬೇರೆಯಾಗಿ ವಿಚಾರಿಸಬೇಕು.

ನ್ಯಾಯದ ಮಾರ್ಗವೂ ಸುಗಮವಲ್ಲ. ಯುನೆಸ್ಕೋ ಸಂಸ್ಥೆಯ 1970ರ ಒಡಂಬಡಿಕೆಯು ಅದಕ್ಕೆ ಹಿಂದಿನ ಅಪಹಾರಗಳಿಗೆ ಅನ್ವಯಿಸದು. ಬ್ರಿಟಿಷ್ ಮ್ಯೂಸಿಯಮ್ಮಿನ ಧರ್ಮದರ್ಶಿಗಳು ಸಂಗ್ರಹದ ವಸ್ತುಗಳನ್ನು ಪರಾಧೀನ ಮಾಡದಂತೆ 1963ರ ಕಾಯಿದೆಯು ಕೆಲವು ಸಂದರ್ಭಗಳ ಹೊರತು ತಡೆಯುತ್ತದೆ. ಆದರೂ ತಮಿಳುನಾಡಿನ ಪತ್ತೂರಿನ ನಟರಾಜನು 1991ರಲ್ಲಿ ಲಂಡನ್ನಿನಿಂದ ಹಿಂದಿರುಗಿದನು. ಈಚಿನ ಕಳವಾದುದರಿಂದ ಅದರ ನ್ಯಾಯವು ಬೇರೆ. ಅದರ ಪಾಠವು ಮಾತ್ರ ಎಲ್ಲಕ್ಕೂ ಸಲ್ಲುವುದು. ಪಾಳುಬಿದ್ದ ದೇವಾಲಯವೂ ವ್ಯಾಜ್ಯ ಹೂಡಬಹುದೆಂದು ಆಂಗ್ಲ ನ್ಯಾಯಾಲಯವು ಒಪ್ಪಿತು. ಅದೇ ನೆಲದಲ್ಲಿ ಸಿಕ್ಕ ಇತರ ವಿಗ್ರಹಗಳೊಡನೆ ಮಾಡಿದ ಹೋಲಿಕೆಯು ಅಲ್ಲಿ ಸಾಕ್ಷ್ಯವಾಯಿತು.

ಆದುದರಿಂದ ವಿದ್ವಾಂಸರ ಮೊದಲ ಕರ್ತವ್ಯವು ಸಾಕ್ಷ್ಯಸಂಗ್ರಹವೇ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಪಟ್ಟಿಗೆ ಸೇರದ ಊರೂರಿನ ಗುಡಿಗಳಲ್ಲಿಯೂ ಬರಿದಾದ ಪೀಠ, ಗೂಡು, ಬೋದಿಗೆಗಳನ್ನು ಅಳೆದು, ಮೈಸೂರು ಪ್ರಾಕ್ತನ ಇಲಾಖೆಯ ಹಳೆಯ ವರದಿಗಳೊಡನೆಯೂ ಛಾಯಾಚಿತ್ರಗಳೊಡನೆಯೂ ತಾಳೆನೋಡಿ ದಾಖಲೆ ಮಾಡಬೇಕು. ಪೀಠದ ಅಳತೆಯು ಇಲ್ಲಿಯೂ ಮೂರ್ತಿಯ ಅಳತೆಯು ಅಲ್ಲಿಯೂ ದೊರೆತಲ್ಲಿ ವಾದಕ್ಕೆ ಆಧಾರವು ಹುಟ್ಟುವುದು. ಬೆಳಗಾವಿಯ ಕಲ್ಲುಗಳಿಗೆ ಆ ಆಧಾರವು ಅವುಗಳ ಅಕ್ಷರಗಳಲ್ಲಿಯೇ ಇದೆ. ತಾವು ಯಾವ ಊರಿಗೆ ಸೇರಿದುವೆಂಬುದನ್ನು ಅವು ಎಂಟು ಶತಮಾನಗಳಿಂದ ಕನ್ನಡದಲ್ಲಿಯೇ ಹೇಳುತ್ತಿವೆ.