ಕಿರ್ದಿ ಮೊದಲು, ಖತಾವಣಿ ಆಮೇಲೆ

‘ಸರ್ವರ್ ಇಲ್ರಿ, ಸ್ವಲ್ಪ ಹೊತ್ತು ಬಿಟ್ಟು ಬರ್ರಿ.’ ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ ಈ ಮಾತು ಕೇಳದವರು ಸಿಗುವುದು ಕಷ್ಟ. ಭತ್ತ ಮಾರಿದ ದುಡ್ಡು ಬಿಡಿಸಿಕೊಳ್ಳಲು ಬಂದವರು ಬ್ಯಾಂಕಿನ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಯಾರೂ ಕಣ್ಣಾರೆ ಕಾಣದ ಸರ್ವರ್, ಮಳೆಯ ಹಾಗೆ, ಕಾಲುವೆ ನೀರಿನ ಹಾಗೆ ದಿನದ ಮಾತಿಗೆ ಸೇರಿಹೋಗಿದೆ. ಅದು ಇಲ್ಲಿಗೆ ಬಂದ ದಾರಿ ಹಿಡಿದು ಹಿಂದಕ್ಕೆ ನಡೆದರೆ, ಬಳ್ಳಾರಿಯಲ್ಲೇ ಹುಟ್ಟಿ ರಾಜ್ಯದಗಲ ಬೆಳೆದ ಬ್ಯಾಂಕೊಂದರ ಬಾಗಿಲಿಗೆ ಬಂದು ನಿಲ್ಲುತ್ತೇವೆ.

1975ರ ಸೆಪ್ಟೆಂಬರ್ 26ರಂದು ಕೇಂದ್ರ ಸರ್ಕಾರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಸುಗ್ರೀವಾಜ್ಞೆ ಹೊರಡಿಸಿತು. ಮರುವರ್ಷ ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಯಿತು. ಇಂಥ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರದ್ದು ಶೇ 50, ರಾಜ್ಯದ್ದು ಶೇ 15, ಪ್ರಾಯೋಜಕ ಬ್ಯಾಂಕಿನದು ಶೇ 35. ಸಾಲಕ್ಕೆ ಸಾಹುಕಾರನ ಬಾಗಿಲೇ ಗತಿಯಾಗಿದ್ದ ಊರುಗಳಿಗೆ ಒಂದು ತಿಜೋರಿ, ನಾಲ್ಕು ಲೆಡ್ಜರು ಬಂದವು.

ಆಗ ಲೆಕ್ಕದ ಕ್ರಮ ನಮ್ಮ ಮಂಡಿ ಗುಮಾಸ್ತರ ಕ್ರಮವೇ. ದಿನದ ವ್ಯವಹಾರ ನಡೆದ ಹಾಗೆಯೇ ಬರೆದುಕೊಳ್ಳುವ ಪುಸ್ತಕ ಕಿರ್ದಿ. ಅಲ್ಲಿಂದ ಎತ್ತಿ ಒಬ್ಬೊಬ್ಬರ ಹೆಸರಿನ ಪುಟಕ್ಕೆ ಏರಿಸುವುದು ಖತಾವಣಿ. ಕಿರ್ದಿಯಲ್ಲಿ ಬೀಳದ ಲೆಕ್ಕ ಖತಾವಣಿಗೆ ಹೋಗಕೂಡದು. ಆದರೆ ಆ ಪುಟ ಇದ್ದಲ್ಲೇ ಇರುತ್ತಿತ್ತು. ಖಾತೆ ಕುರುಗೋಡಿನಲ್ಲಿದ್ದರೆ ದುಡ್ಡು ಕುರುಗೋಡಿನಲ್ಲೇ ತೆಗೆಯಬೇಕು; ಬಳ್ಳಾರಿ ಆಸ್ಪತ್ರೆಯಲ್ಲಿ ಖರ್ಚು ಬಿದ್ದರೂ ಊರಿಗೆ ಬಸ್ಸು ಹಿಡಿಯಬೇಕು.

ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣಕ್ಕೆ ದಾರಿ ತೋರಿಸಿತು. ಮೊದಮೊದಲು ಬಂದದ್ದು ಶಾಖೆಗೊಂದು ಸರ್ವರ್. ಮೂಲೆಯ ಗಾಜಿನ ಕೋಣೆ, ಅದಕ್ಕೊಂದು ಎ.ಸಿ., ಪಕ್ಕದಲ್ಲಿ ಯುಪಿಎಸ್ ಬ್ಯಾಟರಿಗಳ ಸಾಲು. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಯಂತ್ರಕ್ಕೆ ಬಿಸಿಲೂ ವೈರಿ, ಧೂಳೂ ವೈರಿ. ಕಂಪ್ಯೂಟರ್ ತರಬೇತಿ ಪಡೆದ ಗುಮಾಸ್ತರೇ ಅದರ ಯಜಮಾನರು. ಬೆಳಿಗ್ಗೆ ‘ಡೇ ಬಿಗಿನ್’, ಸಂಜೆ ‘ಡೇ ಎಂಡ್’, ಬಳಿಕ ದಿನದ ಲೆಕ್ಕದ ಪ್ರತಿ ತೆಗೆದು ಬೀಗ ಹಾಕಿ ಇಡಬೇಕು. ಬರಹ ಬೇಗವಾಯಿತು, ಕೂಡುವ ತಪ್ಪು ತಗ್ಗಿತು. ಖಾತೆ ಮಾತ್ರ ಊರು ಬಿಟ್ಟು ಕದಲಲಿಲ್ಲ.

ಅದು ಕದಲಿದ್ದು ಕೋರ್ ಬ್ಯಾಂಕಿಂಗ್ ಬಂದಾಗ. ಗ್ರಾಮೀಣ ಬ್ಯಾಂಕುಗಳಿಗೆ 2011ರ ಸೆಪ್ಟೆಂಬರ್ ಗಡುವಾಗಿತ್ತು. ಶಾಖೆಯ ಸರ್ವರುಗಳು ಬದಿಗೆ ಸರಿದು, ಎಲ್ಲ ಖಾತೆಗಳೂ ಒಂದೇ ದತ್ತಾಂಶ ಕೇಂದ್ರ ಸೇರಿದವು. ಅಲ್ಲಿ ಕೆಟ್ಟರೆ ಕೈ ಕಟ್ಟಿಹೋಗಬಾರದೆಂದು, ಬೇರೆ ಭೂಕಂಪ ವಲಯದ ದೂರದ ಊರಿನಲ್ಲಿ ಅದರ ಪಡಿಯಚ್ಚು. ಶಾಖೆಯಲ್ಲಿ ಉಳಿದದ್ದು ರೌಟರ್, ಸ್ವಿಚ್, ಒಂದು ಲೀಸ್ಡ್ ಲೈನ್. ಅದಿಲ್ಲದ ಕಡೆ ಮಾಳಿಗೆಯ ಮೇಲೊಂದು ವಿ-ಸ್ಯಾಟ್ ತಟ್ಟೆ.

ಇಂದು ಕುರುಗೋಡಿನ ಕೌಂಟರಿನಲ್ಲಿ 2,000 ರೂಪಾಯಿ ತೆಗೆದರೆ ಸರ್ವರ್ ಮೊದಲು ಮಾಡುವುದು ಆ ಬದಲಾವಣೆಯನ್ನು ಲಾಗ್ ಎಂಬ ದಿನಚರಿಯಲ್ಲಿ ಗುರುತು ಹಾಕಿಕೊಳ್ಳುವ ಕೆಲಸ. ಡಿಸ್ಕಿನಲ್ಲಿರುವ ಖಾತೆಯ ಪುಟ ತಿದ್ದುವುದು ಆಮೇಲೆ. ಖಾತೆಯಲ್ಲಿ ಖರ್ಚು, ಶಾಖೆಯ ನಗದಿನಲ್ಲಿ ಇಳಿಕೆ ಎರಡೂ ಒಟ್ಟಿಗೆ ಬೀಳಬೇಕು. ನಡುವೆ ಕರೆಂಟು ಹೋದರೆ ಲಾಗ್ ಓದಿ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಅಳಿಸಿಹಾಕುತ್ತದೆ. ಅರೆಬರೆ ವ್ಯವಹಾರ ಉಳಿಯಕೂಡದು. ಕಿರ್ದಿ ಮೊದಲು, ಖತಾವಣಿ ಆಮೇಲೆ! ಮಂಡಿಯ ಗಾದಿಯ ಮೇಲೆ ಕೂತವರು ತಲೆಮಾರುಗಳಿಂದ ಪಾಲಿಸಿದ ಶಿಸ್ತನ್ನೇ ಈ ಯಂತ್ರವೂ ಪಾಲಿಸುತ್ತಿದೆ.

ಬ್ಯಾಂಕಿನ ಹೆಸರು ಈ ನಡುವೆ ಮತ್ತೆ ಮತ್ತೆ ಬದಲಾಯಿತು. 2005ರಲ್ಲಿ ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್. 2013ರಲ್ಲಿ ಕೃಷ್ಣಾ ಸೇರಿ ಪ್ರಗತಿ ಕೃಷ್ಣಾ. 2019ರಲ್ಲಿ ಕಾವೇರಿ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಉಳಿಯಿತು. ಫಲಕ ಬದಲಿಸುವುದು ಒಂದು ದಿನದ ಕೆಲಸ. ಎರಡು ಬ್ಯಾಂಕುಗಳ ದತ್ತಾಂಶ ಕೂಡಿಸುವುದು ಹಾಗಲ್ಲ. ಹಳೇ ಖಾತೆ ಸಂಖ್ಯೆಗೆ ಹೊಸದನ್ನು ಜೋಡಿಸಬೇಕು, ಎರಡೂ ಕಡೆ ಖಾತೆಯಿದ್ದ ಒಬ್ಬರನ್ನೇ ಇಬ್ಬರೆಂದು ಎಣಿಸಬಾರದು, ಕೊನೆಗೆ ಎರಡೂ ಬದಿಯ ಮೊತ್ತ ಪೈಸೆಗೆ ಪೈಸೆ ತಾಳೆಯಾಗಬೇಕು. ಗ್ರಾಹಕರು ಮಲಗಿರುವ ಹೊತ್ತಿನಲ್ಲಿ, ರಜೆಯ ದಿನಗಳಲ್ಲಿ ನಡೆಯುವ ಈ ದುಡಿಮೆಗೆ ಸನ್ಮಾನ, ಶಾಲುಗಳಿಲ್ಲ. ನಾವು ನೆನೆಯಬೇಕಾದವರು ಇದನ್ನು ಮಾಡುವವರು.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ದೇಶ ಕಂಡಿದೆ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಕಂಪನಿಯೊಂದು ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕಾಗ, ರಾಷ್ಟ್ರೀಯ ಪಾವತಿ ನಿಗಮವು 2024ರ ಜುಲೈ 31ರಂದು ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಬ್ಯಾಂಕುಗಳ ವ್ಯವಹಾರ ತಡವರಿಸಿತು, ಮರುದಿನ ಸರಿಹೋಯಿತು. ಸೈಬರ್ ಭದ್ರತಾ ತಜ್ಞರ ವಿಶ್ಲೇಷಣೆ ಬೊಟ್ಟು ಮಾಡಿದ್ದು ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಒಂದೇ ಒಂದು ಸರ್ವರಿನತ್ತ.

ಹಾಗಾದರೆ ಸಿರುಗುಪ್ಪದ ಕಟ್ಟೆಯ ಮೇಲೆ ಕೂತವರಿಗೆ ‘ಸರ್ವರ್ ಇಲ್ಲ’ ಅಂದಾಗ ನಿಜಕ್ಕೂ ಇಲ್ಲದ್ದು ಯಾವುದು? ಬಹಳ ಸಲ ದೂರದ ಸರ್ವರ್ ಓಡುತ್ತಲೇ ಇರುತ್ತದೆ. ಕಡಿದಿರುವುದು ನಡುವಿನ ದಾರಿ. ರಸ್ತೆ ಅಗೆದ ಜೆಸಿಬಿ ಕತ್ತರಿಸಿದ ಕೇಬಲ್, ಜೀವ ಹೋದ ಬ್ಯಾಟರಿ, ಬದಲಿಸದ ರೌಟರ್. ಕಾಲುವೆಯ ಕೊನೆಭಾಗದ ಗದ್ದೆಗಳನ್ನು ಬಲ್ಲ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣೆಕಟ್ಟೆ ತುಂಬಿದ್ದರೂ ತೂಬಿನ ಮುಂದೆ ಹೂಳು ಕೂತರೆ ಪೈರು ಒಣಗುತ್ತದೆ. ದತ್ತಾಂಶ ಕೇಂದ್ರಕ್ಕೆ ಸುರಿಯುವ ಕಾಳಜಿಯಲ್ಲಿ ಒಂದು ಪಾಲು ಈ ಕೊನೆಯ ಮೈಲಿಗೂ ಸಲ್ಲಬೇಕು: ಬೇರೆ ದಾರಿಯಲ್ಲಿ ಬರುವ ಎರಡನೇ ಲೈನು, ಕಾಲಕಾಲಕ್ಕೆ ಹೊಸ ಬ್ಯಾಟರಿ, ಕರೆದರೆ ಅಂದೇ ಬರುವ ತಾಲ್ಲೂಕಿನದೇ ತಂತ್ರಜ್ಞ. ಆಗ ಕಟ್ಟೆಯ ಮೇಲೆ ಕೂತವರಿಗೆ ಕೊಡಲು ‘ನಾಳೆ ಬರ್ರಿ’ಗಿಂತ ಒಳ್ಳೆಯ ಉತ್ತರ ಇರುತ್ತದೆ.