ಉಮ್ಮನ ನಡಿಗೆಯಲ್ಲಿ ಹೈದರಾಬಾದ್

ಕರಾವಳಿಯ ಬಂಧುಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಗೆ ಬರುವುದೇ ಅಪರೂಪ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು ಮರುದಿನವೇ ಕೇಳುವ ಮಾತು ಒಂದೇ: "ಇಲ್ಲಿಂದ ಹೈದರಾಬಾದ್ ಹತ್ತಿರವಂತಲ್ಲಾ?" ಹತ್ತಿರವೇ. ವಾಡಿಯಿಂದ ರೈಲಿನಲ್ಲಿ ಮೂರು-ನಾಲ್ಕು ಗಂಟೆಯ ದಾರಿ. ಚಿಂಚೋಳಿಯವರು ತಾಂಡೂರಿಗೆ ಹೋಗಿ ರೈಲು ಹತ್ತಬಹುದು. ಕೆಲಸ, ವ್ಯಾಪಾರ ಅಂತ ಈ ಭಾಗಕ್ಕೆ ಬಂದ ನಮ್ಮಂಥ ಬ್ಯಾರಿ ಮನೆಗಳಿಗೆ ನೆಂಟರನ್ನು ಅಲ್ಲಿಗೆ ಕರೆದೊಯ್ಯುವುದು ರೂಢಿಯೇ ಆಗಿಬಿಟ್ಟಿದೆ.

ಆದರೆ ಇಂಥ ತಿರುಗಾಟಗಳಲ್ಲಿ ಒಂದು ಸಂಗತಿ ಎಲ್ಲೆಡೆ ಕಾಣುತ್ತದೆ. ಒಂದೇ ದಿನದಲ್ಲಿ ಚಾರ್ಮಿನಾರ್, ಗೋಲ್ಕೊಂಡ, ಹುಸೇನ್ ಸಾಗರ ಎಲ್ಲ ಮುಗಿಸುವ ಅವಸರ. ಗಂಡಸರು, ಮಕ್ಕಳು ಮುಂದೆ ಓಡುತ್ತಾರೆ. ಮನೆಯ ಹಿರಿಯ ಹೆಂಗಸರು ಕೂಸು, ಬ್ಯಾಗು, ನೀರಿನ ಬಾಟಲಿ ಕಾಯುತ್ತಾ ನೆರಳಲ್ಲಿ ಕೂರುತ್ತಾರೆ. ನಮ್ಮ ಉಮ್ಮಂದಿರ ತಲೆಮಾರಿಗೆ ಪ್ರಯಾಣ ಅಂದರೆ ಮದುವೆ, ಮಯ್ಯತ್, ಆಸ್ಪತ್ರೆ; ಭಾಗ್ಯವಿದ್ದರೆ ಉಮ್ರಾ. ಸುಮ್ಮನೆ ಊರು ನೋಡಲಿಕ್ಕೆ ಹೊರಡುವುದು ಎಷ್ಟು ಜನರ ಪಾಲಿಗೆ ಬಂದಿದೆ? ಅದಕ್ಕೇ ಉಮ್ಮ, ಮಾಮಿ, ಅವರ ಮಕ್ಕಳು ಬಂದಾಗ ನಾವು ಮೊದಲೇ ತೀರ್ಮಾನಿಸಿದೆವು: ಎರಡು ದಿನ ಇಟ್ಟುಕೊಳ್ಳೋಣ, ನಡಿಗೆ ಉಮ್ಮನದೇ ಇರಲಿ.

ರೈಲು ಹತ್ತಿದ ಕೂಡಲೇ ನೋಡುವುದು ಶುರುವಾಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ಹಾಕಿದ ಹಳಿ ಇದು. ಚಿತ್ತಾಪುರ, ಮಳಖೇಡ, ಸೇಡಂ ದಾಟುವಾಗ ಕಿಟಕಿಯಲ್ಲಿ ತೊಗರಿ ಹೊಲ, ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ. ಆಮೇಲೆ ತಾಂಡೂರು. 1956ರ ನವೆಂಬರ್ 1ರವರೆಗೆ ತಾಂಡೂರು, ಕೊಡಂಗಲ್ ತಾಲೂಕುಗಳು ಗುಲ್ಬರ್ಗ ಜಿಲ್ಲೆಯಲ್ಲೇ ಇದ್ದವು. ಇಡೀ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಈ ಕಡೆಯ ಹಳಬರಿಗೆ ಹೈದರಾಬಾದ್ ಪರಊರಲ್ಲ, ಹಳೆಯ ರಾಜಧಾನಿ. ಕೋರ್ಟು, ಕಾಲೇಜು, ಮದುವೆ ಜವಳಿ ಎಲ್ಲದಕ್ಕೂ ಅತ್ತಲೇ ಮುಖ.

ಮೊದಲ ದಿನ ಶುಕ್ರವಾರ. 1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹ್ ಕಟ್ಟಿಸಿದ ಚಾರ್ಮಿನಾರನ್ನು ಉಮ್ಮ ಕೆಳಗಿನಿಂದಲೇ ಕಣ್ತುಂಬ ನೋಡಿದರು. ಮೇಲಿನ ಮೆಟ್ಟಿಲು ಇಕ್ಕಟ್ಟು, ಮೊಣಕಾಲು ನೋವಿದ್ದವರಿಗೆ ಬೇಡ. ಪಕ್ಕದ ಮಕ್ಕಾ ಮಸೀದಿ ಕುತುಬ್ ಶಾಹಿಗಳ ಕಾಲದಲ್ಲಿ ಶುರುವಾಗಿ ಔರಂಗಜೇಬನ ಕಾಲದಲ್ಲಿ, 1694ರಲ್ಲಿ ಮುಗಿದದ್ದು. ಗಂಡಸರ ಜುಮಾ ಅಲ್ಲೇ ಆಯಿತು. ಸಂಜೆ ಲಾಡ್ ಬಜಾರಿನಲ್ಲಿ ಅರಗಿನ ಬಳೆ. ಮನೆಯ ನೆರೆಯವರಿಂದ ಕಲಿತ "ನಕ್ಕೋ" ಎಂಬ ಒಂದೇ ದಖನಿ ಮಾತಿನಲ್ಲಿ ಉಮ್ಮ ಚೌಕಾಸಿ ನಡೆಸಿದರು, ಗೆದ್ದರು ಕೂಡ.

ಸಾಲಾರ್ ಜಂಗ್ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ, ನೆನಪಿಡಿ. ಶನಿವಾರ ಅಲ್ಲಿಗೆ ಹೋದೆವು. ಗಂಟೆಗೊಮ್ಮೆ ಪುಟ್ಟ ಗಡ್ಡದಾತ ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಜನ ಕಿಕ್ಕಿರಿಯುತ್ತಾರೆ. ಹತ್ತು ನಿಮಿಷ ಮೊದಲೇ ಹೋದರೆ ಹಿರಿಯರಿಗೆ ಕೂರಲು ಜಾಗ ಸಿಗುತ್ತದೆ. ಕಲ್ಲಿನ ಮೈಮೇಲೆ ತೆಳು ಪರದೆ ಹೊದಿಸಿದಂತೆ ಕಾಣುವ ರೆಬೆಕಾ ಶಿಲ್ಪದ ಮುಂದೆ ಮಾಮಿ ನಿಂತೇಬಿಟ್ಟರು. "ಇದು ಬಟ್ಟೆಯಲ್ಲವಾ?" ಅಂತ ಎರಡು ಸಲ ಕೇಳಿದರು.

ಮ್ಯೂಸಿಯಂ ಇರುವುದು ಮೂಸಿ ನದಿಯ ದಂಡೆಯಲ್ಲಿ. 1908ರ ಸೆಪ್ಟೆಂಬರಿನಲ್ಲಿ ಈ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮುಂದೆ ಹಾಗಾಗದಂತೆ ಯೋಜನೆ ಹಾಕಿಕೊಡಲು ನಿಜಾಮ ಸರಕಾರ ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಯೋಚನೆಯ ಫಲ. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆಯೇ ಇದೆ. ಆ ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ನಾವು ರೈಲಿನಲ್ಲಿ ದಾಟಿಬಂದ ಸೇಡಂ ತಾಲೂಕಿನ ಮಳಖೇಡ. ಇದನ್ನು ಕೇಳಿದ ಮಕ್ಕಳು "ಹಾಗಾದರೆ ಅಲ್ಲಿ ಯಾಕೆ ಇಳಿಯಲಿಲ್ಲ?" ಅಂತ ಹಟ ಹಿಡಿದರು. ವಾಪಸ್ ಬಂದ ಮರುದಿನ ಕಾಗಿಣಾ ದಂಡೆಯ ಮಳಖೇಡ ಕೋಟೆಗೂ ಹೋಗಿಬಂದೆವು.

ಗೋಲ್ಕೊಂಡದ ನೂರಾರು ಮೆಟ್ಟಿಲು ಉಮ್ಮನಿಗೆ ಆಗದು. ಆದರೆ ಬಾಗಿಲ ಬಳಿ ಚಪ್ಪಾಳೆ ತಟ್ಟಿದರೆ ಬೆಟ್ಟದ ತುದಿಗೆ ಕೇಳುವುದು ಅಲ್ಲಿನ ವಿಶೇಷ. ಮಕ್ಕಳು ಮೇಲೆ ಹತ್ತಿದರು, ಉಮ್ಮ ಕೆಳಗಿನಿಂದ ತಟ್ಟಿದರು. ಮೇಲಿನಿಂದ ಮಕ್ಕಳು ಫೋನ್ ಮಾಡಿ "ಕೇಳಿತು ಉಮ್ಮಾ!" ಎಂದಾಗ ಅವರ ಮುಖ ನೋಡಬೇಕಿತ್ತು.

ಹುಸೇನ್ ಸಾಗರ, ಚೌಮಹಲ್ಲಾ ಅರಮನೆ ಉಳಿದವು. ಉಳಿಯಲಿ, ಇನ್ನೊಮ್ಮೆ ಬರಲು ನೆಪವಾಯಿತು. ನೆಂಟರನ್ನು ಊರು ತೋರಿಸಲು ಕರೆದೊಯ್ಯುವವರಿಗೆ ನಮ್ಮ ಮಾತು ಇಷ್ಟೇ: ಪಟ್ಟಿಯಲ್ಲಿ ಜಾಗ ಕಡಿಮೆ ಮಾಡಿ, ದಿನ ಹೆಚ್ಚು ಮಾಡಿ. ಬ್ಯಾಗು ಕಾಯುವ ಸರದಿ ಗಂಡಸರಿಗೂ ಬರಲಿ.