ಮನಶ್ಶಾಸ್ತ್ರದ ಪದವಿ: ಮುಂದೇನು?

ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ಉಪ್ಪಿನಂಗಡಿ, ಪುತ್ತೂರು, ಕಡಬಗಳ ಮನೆಗಳಲ್ಲಿ ಮುಂದಿನ ವ್ಯಾಸಂಗದ ಚರ್ಚೆ ಆರಂಭವಾಗುತ್ತದೆ. ಮಗನಾಗಲಿ ಮಗಳಾಗಲಿ ಮನಶ್ಶಾಸ್ತ್ರವನ್ನು ಓದುವೆನೆಂದರೆ ಹಿರಿಯರು ಎರಡು ಬಗೆಯ ಮಾತನ್ನಾಡುವುದುಂಟು. “ಅದನ್ನು ಓದಿದರೆ ಹೊಟ್ಟೆಗೇನು?” ಎಂಬುದು ಒಂದು, “ಮೂರು ವರ್ಷದಲ್ಲಿ ಮನಸ್ಸಿನ ಡಾಕ್ಟರಾಗಬಹುದು” ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಮೊದಲನೆಯದನ್ನು ನಂಬಿದರೆ ಆಸಕ್ತಿಯುಳ್ಳ ವಿದ್ಯಾರ್ಥಿಗೆ ನಷ್ಟ; ಎರಡನೆಯದನ್ನು ನಂಬಿದರೆ ರೋಗಿಗೇ ಅಪಾಯ.

ಅಳತೆಯ ವಿಜ್ಞಾನ

ಮನಶ್ಶಾಸ್ತ್ರವೆಂದರೆ ಎದುರಿಗಿರುವವರ ಮನಸ್ಸನ್ನು ಓದಿ ಹೇಳುವ ವಿದ್ಯೆಯಲ್ಲ. ಪ್ರಯೋಗವನ್ನೂ ಅಳತೆಯನ್ನೂ ಆಧರಿಸಿದ ವಿಜ್ಞಾನ. ಭೌತಶಾಸ್ತ್ರವನ್ನು ಬೋಧಿಸುವ ನನ್ನಂತಹವರಿಗೆ ಇದರ ಇತಿಹಾಸವು ಆಪ್ತವಾದುದು. ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಫೆಕ್ನರನು, ವೇಬರನ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು, ಸಂವೇದನೆಯನ್ನು ಅಳೆಯುವ ಬಗೆಯನ್ನು 1860ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದನು. ಅಡಿಕೆಯ ಚೀಲವನ್ನು ಕೈಯಲ್ಲಿ ಹಿಡಿದು ತೂಗಿ ನೋಡುವವನೊಬ್ಬನನ್ನು ಊಹಿಸೋಣ. 1 ಕಿಲೋಗ್ರಾಮಿಗೆ 20 ಗ್ರಾಂ ಕೂಡಿಸಿದಾಗ ಅವನಿಗೆ ವ್ಯತ್ಯಾಸವು ತಿಳಿಯುವುದಾದರೆ, 5 ಕಿಲೋಗ್ರಾಮಿಗೆ 100 ಗ್ರಾಂ ಕೂಡಿಸಿದ ಹೊರತು ತಿಳಿಯದು. ಕಣ್ಣಿಗೆ ಕಾಣದ ಅನುಭವವೂ ಹೀಗೆ ಲೆಕ್ಕಕ್ಕೆ ಸಿಕ್ಕುತ್ತದೆ. 1879ರಲ್ಲಿ ಅದೇ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬ ವಿದ್ವಾಂಸನು ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ಸ್ಥಾಪಿಸಿದನು.

ಕನ್ನಡ ನಾಡು ಈ ವಿಷಯದಲ್ಲಿ ಬಹಳ ಹಿಂದೆ ಬೀಳಲಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ನಿಲಯವನ್ನು ತೆರೆದವರೂ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪನೆಯಾಯಿತು. ಅದೇ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡಿತು.

ಚಿಕಿತ್ಸೆಯ ದಾರಿ

ಔಷಧವನ್ನು ಬರೆದುಕೊಡುವ ಮನೋವೈದ್ಯರು ಮೊದಲು ಎಂ.ಬಿ.ಬಿ.ಎಸ್. ಮುಗಿಸಿ, ಅನಂತರ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದವರು. ಕ್ಲಿನಿಕಲ್ ಸೈಕಾಲಜಿಸ್ಟರ ದಾರಿ ಬೇರೆ. ಮೂರು ವರ್ಷದ ಪದವಿ, ಎರಡು ವರ್ಷದ ಸ್ನಾತಕೋತ್ತರ ಪದವಿ, ಅದರ ಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಎರಡು ವರ್ಷದ ಎಂ.ಫಿಲ್. ಶಿಕ್ಷಣ: ಹೀಗೆ ಒಟ್ಟು 7 ವರ್ಷಗಳ ಕ್ರಮವು ಬಹುಕಾಲ ನಡೆದುಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಈ ಅರ್ಹತೆಯನ್ನು ಸ್ಪಷ್ಟವಾಗಿ ನಿರೂಪಿಸಿದೆ. ಇಂತಹ ಶಿಕ್ಷಣಕ್ಕೆ ಮನ್ನಣೆ ಕೊಡತಕ್ಕದ್ದು ಭಾರತೀಯ ಪುನರ್ವಸತಿ ಪರಿಷತ್ತು. ಶಿಕ್ಷಣಕ್ರಮಗಳ ರೂಪವು ಈಚೆಗೆ ಬದಲಾಗುತ್ತಿರುವುದರಿಂದ, ಹಣ ಕಟ್ಟುವ ಮೊದಲು ಪರಿಷತ್ತಿನ ಮನ್ನಣೆ ಇದೆಯೇ ಎಂದು ವಿಚಾರಿಸುವುದು ಅತ್ಯಗತ್ಯ. ಬರಿಯ ಬಿ.ಎ. ಪದವಿಯನ್ನು ಹಿಡಿದು ಚಿಕಿತ್ಸೆಗೆ ಕೂರುವುದು, ಭೌತಶಾಸ್ತ್ರದ ಪದವಿಯೊಂದನ್ನೇ ನಂಬಿ ಸೇತುವೆ ಕಟ್ಟಲು ಹೊರಟಂತೆ.

ಇತರ ದಾರಿಗಳು

ಹಾಗಾದರೆ ಪದವಿಯು ವ್ಯರ್ಥವೇ? ಖಂಡಿತ ಅಲ್ಲ. ಪ್ರಶ್ನಾವಳಿಯನ್ನು ರಚಿಸುವುದು, ಅಂಕಿಅಂಶಗಳಿಂದ ನಿಜವನ್ನೂ ಆಕಸ್ಮಿಕವನ್ನೂ ಬೇರ್ಪಡಿಸುವುದು, ತಾಳ್ಮೆಯಿಂದ ಕೇಳುವುದು, ಮಕ್ಕಳ ಬೆಳವಣಿಗೆಯನ್ನು ಅರಿಯುವುದು ಈ ವ್ಯಾಸಂಗದ ಲಾಭಗಳು. ಕಾರ್ಖಾನೆ ಕಚೇರಿಗಳಲ್ಲಿ ಸಿಬ್ಬಂದಿಯ ನೇಮಕ ಮತ್ತು ತರಬೇತಿ, ಮಾರುಕಟ್ಟೆಯ ಸಮೀಕ್ಷೆ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ ಮುಂತಾದ ಕಡೆಗಳಲ್ಲಿ ಇವು ಒದಗಿಬರುತ್ತವೆ. ಯಾವುದೇ ಪದವಿಯನ್ನು ಕೇಳುವ ಬ್ಯಾಂಕು ಮತ್ತು ಸರಕಾರಿ ಹುದ್ದೆಗಳ ಪರೀಕ್ಷೆಗಳೂ ತೆರೆದಿವೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮನಶ್ಶಾಸ್ತ್ರವು ಒಂದು ಐಚ್ಛಿಕ ವಿಷಯ. ಕಾಲೇಜಿನಲ್ಲಿ ಬೋಧಿಸಬೇಕಾದರೆ ಸ್ನಾತಕೋತ್ತರ ಪದವಿಯೂ ನೆಟ್ ಅಥವಾ ಕೆ-ಸೆಟ್ ಅರ್ಹತೆಯೂ ಬೇಕು. ಸಮಾಜಕಾರ್ಯದತ್ತ ಒಲವುಳ್ಳವರಿಗೆ ಮಂಗಳೂರಿನಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯವು ಹತ್ತಿರದಲ್ಲೇ ಇದೆ.

ಇನ್ನೊಂದು ದಾರಿಯ ಅಗತ್ಯವು ನಮ್ಮ ಹಿತ್ತಲಿನಲ್ಲಿಯೇ ಕಾಣುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ಈ ಜಿಲ್ಲೆಯ ಅನೇಕ ಸಂಸಾರಗಳನ್ನು ಬಾಧಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿತಾದರೂ ಮಕ್ಕಳ ಅಂಗವೈಕಲ್ಯವೂ ಬುದ್ಧಿಮಾಂದ್ಯವೂ ನಿಷೇಧದಿಂದ ಅಳಿಯಲಿಲ್ಲ. ಉಪ್ಪಿನಂಗಡಿಗೆ ಸಮೀಪದ ಕೊಯಿಲದಲ್ಲಿಯೂ ಕೊಕ್ಕಡದಲ್ಲಿಯೂ ಇಂತಹವರಿಗಾಗಿ ಪಾಲನಾ ಕೇಂದ್ರಗಳು ಏರ್ಪಟ್ಟವು. ಮಗುವಿಗೆ ಉಣ್ಣಲು, ಉಡಲು, ನಾಲ್ಕು ಮಾತನಾಡಲು ಕಲಿಸಬಲ್ಲ ವಿಶೇಷ ಶಿಕ್ಷಕರು ಇಂತಹ ಕಡೆ ಬೇಕು. ಬೇಸತ್ತ ತಾಯಿಯ ಮಾತಿಗೆ ಕಿವಿಗೊಡುವವರೂ ಬೇಕು. ಪದವಿಯ ಬಳಿಕ ಪರಿಷತ್ತಿನ ಮನ್ನಣೆಯುಳ್ಳ ವಿಶೇಷ ಶಿಕ್ಷಣದ ಬಿ.ಎಡ್. ಮಾಡಿದವರು ಈ ಕಾರ್ಯಕ್ಕೆ ಅರ್ಹರಾಗುತ್ತಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ, 14416ಕ್ಕೆ ಕರೆಮಾಡಿದವರೊಡನೆ ಮೊದಲು ಮಾತನಾಡುವವರೂ ತರಬೇತಿ ಪಡೆದ ಸಮಾಲೋಚಕರೇ. ಅಲ್ಲಿ ಕನ್ನಡವನ್ನು ಬಲ್ಲವರ ಆವಶ್ಯಕತೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಆದಕಾರಣ ಈ ವಿಷಯವನ್ನು ಆರಿಸುವ ವಿದ್ಯಾರ್ಥಿಯು ಮೊದಲ ವರ್ಷದಲ್ಲಿಯೇ ತನ್ನನ್ನು ಎರಡು ಪ್ರಶ್ನೆ ಕೇಳಿಕೊಳ್ಳುವುದು ಲೇಸು. ಪದವಿಯ ಮೇಲೆ ಇನ್ನೆಷ್ಟು ವರ್ಷ ಓದಲು ಮನಸ್ಸೂ ಮನೆಯ ಅನುಕೂಲವೂ ಇವೆ? ಚಿಕಿತ್ಸೆ, ಶಿಕ್ಷಣ, ಉದ್ಯಮ, ಸರಕಾರಿ ಸೇವೆ, ಇವುಗಳಲ್ಲಿ ಒಲವು ಯಾವುದರ ಕಡೆಗೆ? ಉತ್ತರವೇನೇ ಇರಲಿ, ಸಂಖ್ಯಾಶಾಸ್ತ್ರವನ್ನು ಕಷ್ಟವೆಂದು ಬಿಡಬಾರದು. ರಜೆಯಲ್ಲಿ ಸಮೀಪದ ವಿಶೇಷ ಶಾಲೆಯಲ್ಲೋ ಪಾಲನಾ ಕೇಂದ್ರದಲ್ಲೋ ಕೆಲವು ದಿನ ಸೇವೆಮಾಡಿ, ಈ ಕೆಲಸವು ತನಗೆ ಒಗ್ಗುವುದೇ ಎಂದು ನೋಡಬೇಕು. ಹೀಗೆ ತಿಳಿದು ಆರಿಸಿದವರಿಗೆ ಮನಶ್ಶಾಸ್ತ್ರವು ಅನ್ನವನ್ನೂ ಕೊಡಬಲ್ಲದು, ಊರಿಗೆ ಉಪಯೋಗವನ್ನೂ ಮಾಡಬಲ್ಲದು.